ಇಸಿಜಿ ಪಟ್ಟಿಯ ಅಂಚಿನಲ್ಲಿ ಸಿಗ್ನಲ್ ಪ್ರೊಸೆಸಿಂಗ್

ನರ್ಸಿಂಗ್, ಫಿಸಿಯೋಥೆರಪಿ ಓದುವವರಿಗೆ ಸಿಗ್ನಲ್ ಪ್ರೊಸೆಸಿಂಗ್ (ಅಳೆದ ಸಂಕೇತದಿಂದ ಬೇಕಾದ್ದನ್ನು ಹೆಕ್ಕುವ ವಿದ್ಯೆ) ಅಂತ ಮೊದಲ ದಿನವೇ ಫೂರಿಯೇ ಸೂತ್ರ ಬರೆದರೆ ಅರ್ಧ ತರಗತಿ ಅಲ್ಲೇ ಕೈಬಿಡುತ್ತದೆ. ಸೂತ್ರ ಆಮೇಲೆ ಇರಲಿ. ಹೃದಯದ ವಿದ್ಯುತ್ ಚಟುವಟಿಕೆಯನ್ನು ಗೆರೆಯಾಗಿ ತೋರಿಸುವ ಒಂದು ಇಸಿಜಿ ಪಟ್ಟಿ ಎದುರಿಗಿಟ್ಟುಕೊಳ್ಳಿ.

ಅಂಚಿನಲ್ಲಿ ಸಣ್ಣದಾಗಿ ಹೀಗೆ ಅಚ್ಚಾಗಿರುತ್ತದೆ: ಸೆಕೆಂಡಿಗೆ 25 ಮಿ.ಮೀ., ಮಿಲಿವೋಲ್ಟಿಗೆ 10 ಮಿ.ಮೀ., 0.05ರಿಂದ 150 ಹರ್ಟ್ಸ್. ಮೊದಲೆರಡು ನಿಮಗೆ ಗೊತ್ತೇ ಇದೆ. ಸಣ್ಣ ಚೌಕ 0.04 ಸೆಕೆಂಡ್, ದೊಡ್ಡದು 0.2. ಮೂರನೆಯದರ ಕಡೆ ಹೆಚ್ಚಿನವರು ಕಣ್ಣೇ ಹಾಯಿಸುವುದಿಲ್ಲ. ಪಾಠ ಇರುವುದು ಅಲ್ಲಿ.

ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಸಲ, ಅಷ್ಟೇ. ಯಂತ್ರದ ಫಿಲ್ಟರ್ ಈ ಎರಡು ಮಿತಿಗಳ ನಡುವಿನ ಏರಿಳಿತವನ್ನು ಉಳಿಸಿ, ಉಳಿದದ್ದನ್ನು ತಗ್ಗಿಸುತ್ತದೆ. ಗೆರೆ ಗರಗಸದ ಹಲ್ಲಿನ ಹಾಗಿದೆಯಾ? ಒಂದು ಸಣ್ಣ ಚೌಕದಲ್ಲಿ ಎರಡು ಹಲ್ಲು ಸಿಕ್ಕರೆ ಸೆಕೆಂಡಿಗೆ 50 ಆಯಿತು. ಅದು ಗೋಡೆಯ ಕರೆಂಟು. ಹಲ್ಲುಗಳು ಒಂದೇ ಸಮ ಇಲ್ಲದಿದ್ದರೆ ರೋಗಿ ಚಳಿಗೆ ನಡುಗುತ್ತಿರಬಹುದು. ಫಿಲ್ಟರ್ ಬಟನ್ ಒತ್ತುವ ಮೊದಲು ಹೊದಿಕೆ ಹೊದಿಸಿ ನೋಡಿ. ಇಡೀ ಗೆರೆ ನಾಲ್ಕು ಸೆಕೆಂಡಿಗೊಮ್ಮೆ ಮೇಲೆದ್ದು ಇಳಿದರೆ ಅದು ಉಸಿರಾಟ, 0.25 ಹರ್ಟ್ಸ್.

ಮಾನಿಟರ್ ಮೋಡಿನಲ್ಲಿ ಕೆಳಮಿತಿ ಸಾಮಾನ್ಯವಾಗಿ 0.5 ಹರ್ಟ್ಸ್. ಉಸಿರಿನ ಏರಿಳಿತ ಹೋಗಿ ಗೆರೆ ನೆಟ್ಟಗಾಗುತ್ತದೆ. ಆದರೆ ಎಸ್‌ಟಿ ಭಾಗವೂ (ಬಡಿತದ ಚೂಪು ಶಿಖರಕ್ಕೂ ಅದರ ನಂತರದ ಅಲೆಗೂ ನಡುವಿನದು) ನಿಧಾನದ್ದೇ ಅಲ್ವಾ? ಯಾವುದು ಉಸಿರು, ಯಾವುದು ಹೃದಯ ಅಂತ ಫಿಲ್ಟರ್‌ಗೆ ತಿಳಿಯದು, ಅದು ನೋಡುವುದು ವೇಗವನ್ನು ಮಾತ್ರ. ಹಾಗಾಗಿ ಎಸ್‌ಟಿ ಸುಮ್ನೆ ಏರಿದಂತೆಯೋ ಇಳಿದಂತೆಯೋ ಕಾಣಬಹುದು. ಹೃದಯಾಘಾತದ ಅನುಮಾನ ಇದ್ದಾಗ ಮಾನಿಟರ್ ಪರದೆಯನ್ನು ನಂಬಿ ಕೂರದೆ ಕೆಳಮಿತಿ 0.05 ಇರುವ 12 ಲೀಡ್ (ಹೃದಯವನ್ನು 12 ಕೋನದಿಂದ ನೋಡುವ) ಇಸಿಜಿ ತೆಗೆಸಲು ಇದೂ ಒಂದು ಕಾರಣ. ಪಟ್ಟಿ ಚೆಂದ ಕಂಡರೆ ಸಾಲದು, ಏನನ್ನು ತೆಗೆದುಹಾಕಿ ಚೆಂದ ಮಾಡಿದ್ದಾರೆ ಅಂತ ಕೇಳಬೇಕು.

ಸ್ಯಾಂಪ್ಲಿಂಗ್ ಸುಲಭ. ಯಂತ್ರ ಗೆರೆ ಎಳೆಯುವುದಿಲ್ಲ, ಚುಕ್ಕೆ ಇಡುತ್ತದೆ. ಸೆಕೆಂಡಿಗೆ 500 ಚುಕ್ಕೆಯಾದರೆ ಸಣ್ಣ ಚೌಕಕ್ಕೆ 20. 150 ಹರ್ಟ್ಸ್‌ವರೆಗೆ ಹಿಡಿಯಬೇಕಾದರೆ ಅದರ ಎರಡರಷ್ಟಕ್ಕಿಂತ, ಅಂದರೆ 300ಕ್ಕಿಂತ ಜಾಸ್ತಿ ಚುಕ್ಕೆ ಬೇಕು.

ಇನ್ನು ಬಡಿತ ಎಣಿಸುವುದು. 1985ರ ಪ್ಯಾನ್–ಟಾಂಪ್ಕಿನ್ಸ್ ವಿಧಾನ ಈಗಲೂ ಕಲಿಯಲು ಒಳ್ಳೆಯದು. ಕ್ಯೂಆರ್‌ಎಸ್ (ಬಡಿತದ ಚೂಪು ಶಿಖರ) ಕಡಿದಾಗಿ ಏರುತ್ತದೆ, ಅದರ ನಂತರದ ಟಿ ಅಲೆ ನಿಧಾನವಾಗಿ. ಆದ್ದರಿಂದ ಮೊದಲು ಫಿಲ್ಟರ್ ಮಾಡಿ, ಗೆರೆ ಎಷ್ಟು ಕಡಿದು ಅಂತ ಅಳೆದು, ಆ ಅಂಕೆಯ ವರ್ಗ ಮಾಡುತ್ತಾರೆ. 5 ಇದ್ದದ್ದು 25, 1 ಇದ್ದದ್ದು 1. ಕ್ಯೂಆರ್‌ಎಸ್ ಎದ್ದು ಕಾಣುತ್ತದೆ, ಟಿ ಮುಳುಗುತ್ತದೆ. ಕೊನೆಗೆ ಅಕ್ಕಪಕ್ಕದ ಅಂಕೆಗಳ ಸರಾಸರಿ ತೆಗೆದರೆ ಬಡಿತಕ್ಕೊಂದು ಗುಡ್ಡ. ಆ ಗುಡ್ಡದಲ್ಲಿ ಶಿಖರಕ್ಕೆ ಮೊದಲು ಬರುವ ಪುಟ್ಟ ಪಿ ಅಲೆ ಹುಡುಕಬೇಡಿ, ಎಣಿಕೆಗಷ್ಟೇ ಅದು.

ಅಭ್ಯಾಸಕ್ಕೆ ವೈದ್ಯಕೀಯ ದತ್ತಾಂಶದ ಜಾಲತಾಣ ಫಿಸಿಯೋನೆಟ್‌ನಲ್ಲಿ ಎಂಐಟಿ–ಬಿಐಎಚ್ ಇಸಿಜಿ ಸಂಗ್ರಹ ಉಚಿತವಾಗಿ ಸಿಗುತ್ತದೆ. ಅರ್ಧರ್ಧ ಗಂಟೆಯ 48 ದಾಖಲೆಗಳು, ಸೆಕೆಂಡಿಗೆ 360 ಚುಕ್ಕೆ. ಒಂದು ದೊಡ್ಡ ಚೌಕಕ್ಕೆ ಎಷ್ಟು ಚುಕ್ಕೆ ಬರುತ್ತದೆ, ಲೆಕ್ಕ ಹಾಕಿ ನೋಡಿ.