ಕಣ್ಣೊಳಗೆ ನೊಣದ ಹುಳು: ತೊಳೆದರೆ ಹೋಗುವುದೇ?

ಪ್ರಶ್ನೆ: ನೊಣವೊಂದು ಕಣ್ಣಿಗೆ ಬಡಿದು ಹಾರಿಹೋಯಿತು. ಆಗಿನಿಂದ ಕಣ್ಣು ಕೆಂಪಾಗಿ ನೀರು ಸುರಿಯುತ್ತಿದೆ, ಒಳಗೆ ಏನೋ ಹರಿದಾಡಿದಂತಾಗುತ್ತದೆ. ಚೆನ್ನಾಗಿ ತೊಳೆದರೆ ಸಾಲದೇ?

ಉತ್ತರ: ಸಾಲದು. ಇಂಥ ತೊಂದರೆಗೆ ಬಹುತೇಕ ಕಾರಣ ಕುರಿಯ ಮೂಗಿನ ನೊಣ. ಈಸ್ಟ್ರಸ್ ಓವಿಸ್ ಎಂಬುದು ಅದರ ಶಾಸ್ತ್ರೀಯ ಹೆಸರು. ಮೊಟ್ಟೆ ಇಡುವ ಗೋಜಿಗೇ ಹೋಗದೆ, ಹಾರುತ್ತಲೇ ಕುರಿ, ಮೇಕೆಗಳ ಮೂಗಿಗೆ ಜೀವಂತ ಮರಿಹುಳುಗಳನ್ನು ಚಿಮ್ಮಿಸುವ ಜಾತಿ ಇದು. ಗುರಿ ತಪ್ಪಿದಾಗ ಅವು ಮನುಷ್ಯನ ಕಣ್ಣಿಗೆ ಬೀಳುತ್ತವೆ. ಒಂದೆರಡು ಮಿಲಿಮೀಟರ್ ಉದ್ದದ, ಗಾಜಿನಷ್ಟು ತಿಳಿಯಾದ ಹುಳು. ಬಾಯಿಯ ಬಳಿ ಕಪ್ಪು ಕೊಕ್ಕೆಗಳು. ಕಣ್ಣಿನ ಬಿಳಿಭಾಗದ ಮೇಲಿನ ತೆಳುಪೊರೆಗೆ ಆ ಕೊಕ್ಕೆ ಊರಿತೆಂದರೆ ನೀರಿಗೆ ಅದು ಜಗ್ಗುವುದು ಕಷ್ಟ.

ಕನ್ನಡಿಯಲ್ಲಿ ಹುಡುಕಿ ಪ್ರಯೋಜನವಿಲ್ಲ. ವೈದ್ಯರಿಗೂ ಸ್ಲಿಟ್ ಲ್ಯಾಂಪ್, ಅಂದರೆ ಬೆಳಕು ಬಿಟ್ಟು ಕಣ್ಣನ್ನು ಹಿಗ್ಗಿಸಿ ತೋರಿಸುವ ಉಪಕರಣ ಬೇಕು. ಅದರಲ್ಲೂ ಒಂದು ಪೇಚಿದೆ: ಬೆಳಕು ಬಿದ್ದೊಡನೆ ಹುಳು ರೆಪ್ಪೆಯ ಮರೆಗೆ ಓಡುತ್ತದೆ. ಹಾಗಾಗಿ ಮೊದಲು ಕಣ್ಣು ಮರಗಟ್ಟಿಸುವ ಹನಿ ಹಾಕುತ್ತಾರೆ. ನೋವು ಅಡಗುವುದಲ್ಲದೆ ಹುಳುವಿನ ಓಟವೂ ತಗ್ಗುತ್ತದೆ. ಬಳಿಕ ಸಣ್ಣ ಚಿಮುಟದಿಂದ ಒಂದೊಂದಾಗಿ ಹಿಡಿದು ತೆಗೆಯುತ್ತಾರೆ. ಮೇಲ್ರೆಪ್ಪೆಯನ್ನು ಮಡಚಿ ಅದರ ಒಳಮೂಲೆಯನ್ನೂ ನೋಡಬೇಕು. ಹುಳುಗಳು ಹೆಚ್ಚಾಗಿ ಉಳಿದುಬಿಡುವುದು ಅಲ್ಲೇ. ಒಂದು ಸಿಕ್ಕಿತೆಂದು ಮನೆಗೆ ಹೊರಡುವಂತಿಲ್ಲ, ಹತ್ತಾರು ಇರಬಹುದು. ಮರುದಿನದ ಮರುಪರೀಕ್ಷೆಯನ್ನು ತಪ್ಪಿಸಬೇಡಿ.

ಆಮೇಲಿನದು ಸುಲಭ: ಕೆಲವು ದಿನ ಆಂಟಿಬಯೋಟಿಕ್ ಹನಿ, ಉರಿಯೂತ ಹೆಚ್ಚಿದ್ದರೆ ವೈದ್ಯರ ನಿಗಾದಲ್ಲಿ ಸ್ಟೀರಾಯ್ಡ್. ಈ ಹುಳು ಮನುಷ್ಯನ ಕಣ್ಣಲ್ಲಿ ಸಾಮಾನ್ಯವಾಗಿ ಮೊದಲ ಹಂತ ದಾಟಿ ಬೆಳೆಯುವುದಿಲ್ಲ. ಮಾಮೂಲಿ ಕೆಂಗಣ್ಣೆಂದು ಅಂಗಡಿಯ ಹನಿ ಹಾಕಿಕೊಂಡು ದಿನ ದೂಡುವುದೇ ಇಲ್ಲಿ ಆಗುವ ದೊಡ್ಡ ಎಡವಟ್ಟು. ನೊಣ ಬಡಿದದ್ದನ್ನು ವೈದ್ಯರಿಗೆ ಮರೆಯದೆ ಹೇಳಿ, ಅವರ ಅರ್ಧ ಕೆಲಸ ಮುಗಿಯುತ್ತದೆ.

ಎಲ್ಲ ಹುಳುಗಳೂ ಇಷ್ಟು ಸಾಧುವಲ್ಲ. ಕ್ರೈಸೊಮಿಯಾ ಬೆಜ್ಜಿಯಾನಾ ಎಂಬ ನೊಣದ ಹುಳು ಜೀವಂತ ಮಾಂಸವನ್ನೇ ತಿನ್ನುತ್ತದೆ. ಆರೈಕೆಯಿಲ್ಲದ ಗಾಯ ಅಥವಾ ಗಡ್ಡೆಯಿರುವ ಕಣ್ಣುಗೂಡನ್ನು ಹೊಕ್ಕರೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ, ಹುಳುನಾಶಕವಾದ ಐವರ್‌ಮೆಕ್ಟಿನ್ ಮಾತ್ರೆಯನ್ನೂ ಕೊಡುತ್ತಾರೆ. ಹೈಪೊಡರ್ಮಾ ಜಾತಿಯ ಹುಳು ಅಪರೂಪಕ್ಕೆ ಕಣ್ಣುಗುಡ್ಡೆಯೊಳಗೇ ಇಳಿದು ಅಕ್ಷಿಪಟಲದ (ಕಣ್ಣಿನ ಹಿಂಬದಿಯ, ಬೆಳಕು ಗ್ರಹಿಸುವ ಪೊರೆಯ) ಅಡಿ ಜಾಡು ಮೂಡಿಸುತ್ತದೆ. ಆಗ ಲೇಸರ್‌ನಿಂದ ಕೊಲ್ಲಬೇಕು, ಇಲ್ಲವೇ ಶಸ್ತ್ರಚಿಕಿತ್ಸೆ ಮಾಡಿ ತೆಗೆಯಬೇಕು. ನೋಟ ಮಸುಕಾದರೆ, ಕಣ್ಣೆದುರು ಮಿಂಚು ಅಥವಾ ಕಪ್ಪು ಚುಕ್ಕೆ ತೇಲಿದರೆ ಅದೇ ದಿನ ಪಾಪೆ ಹಿಗ್ಗಿಸಿ ಪರೀಕ್ಷೆ ಮಾಡಿಸಿಕೊಳ್ಳಿ.