ಹಿಮದ ಟೆಂಟಿಗೆ ಸೌದೆ ಒಲೆ: ತೂಕ ಆಮೇಲೆ, ಮೊದಲು ಹೊಟ್ಟೆ ನೋಡಿ

ಅಮೆರಿಕದ ಮಿನ್ನೆಸೋಟಾ ರಾಜ್ಯದ ಬೌಂಡರಿ ವಾಟರ್ಸ್ ಕಾಡಿನಲ್ಲಿ ಜನವರಿಯ ರಾತ್ರಿ ಮೈನಸ್ 30 ಡಿಗ್ರಿಗೆ ಇಳಿಯುವುದುಂಟು. ಒಲೆಯಿದ್ದರೆ ಆ ಚಳಿಯಲ್ಲೂ ಟೆಂಟಿನೊಳಗೆ ಬರೀ ಅಂಗಿಯಲ್ಲಿ ಕೂತು ಅನ್ನ ಬೇಯಿಸಿಕೊಳ್ಳಬಹುದು, ಒದ್ದೆ ಕಾಲುಚೀಲ ಒಣಗಿಸಬಹುದು. ಕೊಳ್ಳುವವರು ಮೊದಲು ಕೇಳುವುದು ಒಲೆಯ ತೂಕವನ್ನು. ಕೇಳಬೇಕಾದದ್ದು ಅದರ ಹೊಟ್ಟೆ, ಅಂದರೆ ಸೌದೆ ಹಾಕುವ ಗೂಡು, ಎಷ್ಟು ಉದ್ದ ಎಂದು.

25 ಸೆಂ.ಮೀ. ಉದ್ದದ ಒಲೆಗೆ ಪ್ರತಿ ಕೊರಡನ್ನೂ 21–22 ಸೆಂ.ಮೀ.ಗೆ ಕೊಯ್ಯಬೇಕು. ಸಂಜೆಯೆಲ್ಲ ಗರಗಸ ಎಳೆದರೂ ಒಂದು ತುಂಬು ಸೌದೆ ಅರ್ಧ ಮುಕ್ಕಾಲು ಗಂಟೆಗೆ ಕೆಂಡವಾಗುತ್ತದೆ. 40 ಸೆಂ.ಮೀ. ಒಲೆಯಲ್ಲಿ ಗಟ್ಟಿ ಮರದ ಸೌದೆ ಹಾಕಿ ಗಾಳಿ ತಗ್ಗಿಸಿದರೆ ಎರಡು ಗಂಟೆ ಸಿಗಬಹುದು. ಇಡೀ ರಾತ್ರಿ ಉರಿಯುವ ಸಣ್ಣ ಒಲೆ ಎಂಬುದು ಜಾಹೀರಾತಿನಲ್ಲಷ್ಟೇ ಇದೆ. ಫಿನ್ಲೆಂಡ್ ಸೇನೆಯ ಟೆಂಟುಗಳಲ್ಲಿ ಒಲೆಗೆಂದೇ ಸರದಿಯ ಮೇಲೆ ಒಬ್ಬರು ಎಚ್ಚರವಿರುತ್ತಾರೆ. ಹಾಗಾಗಿ ಸ್ಲೀಪಿಂಗ್ ಬ್ಯಾಗ್ ಆರಿಸುವಾಗ ಒಲೆಯೇ ಇಲ್ಲವೆಂದುಕೊಂಡು, ಹೊರಗಿನ ಚಳಿಗೆ ತಕ್ಕದ್ದನ್ನೇ ಕೊಳ್ಳಿ.

ಬೆನ್ನ ಮೇಲೆ ಹೊರುವವರಿಗೆ ಟೈಟೇನಿಯಂ. ಎರಡು ಕಿಲೋ ಆಸುಪಾಸಿನಲ್ಲಿ ಸಿಗುತ್ತದೆ, ಬೆಲೆ ಹೆಚ್ಚು. ತಗಡು ಅರ್ಧ ಮಿಲಿಮೀಟರಿನಷ್ಟು ತೆಳು. ಕಾದಾಗ ಸೊಟ್ಟಗಾಗುತ್ತದೆ, ಬಾಗಿಲ ಸಂದಿಯಲ್ಲಿ ಗಾಳಿ ನುಗ್ಗಿ ಸೌದೆ ಬೇಗ ಮುಗಿಯುತ್ತದೆ. ಜಾರುಬಂಡಿಯಲ್ಲಿ ಎಳೆದೊಯ್ಯುವವರು ಆ ದುಡ್ಡು ಉಳಿಸಿ 8–12 ಕಿಲೋದ ಸ್ಟೇನ್‌ಲೆಸ್ ಸ್ಟೀಲ್ ಒಲೆ ತರಲಿ. ಸತು ಲೇಪಿಸಿದ ತಗಡಿನ ಒಲೆ, ಕೊಳವೆ ಎರಡೂ ಬೇಡ. ಕೆಂಪಗೆ ಕಾದಾಗ ಏಳುವ ಸತುವಿನ ಹೊಗೆ ಜ್ವರ ತರಿಸುತ್ತದೆ.

ತೊಂದರೆಗಳಲ್ಲಿ ಹೆಚ್ಚಿನವು ಹೊಗೆಕೊಳವೆಯಲ್ಲೇ. ಅದರ ತುದಿ ಟೆಂಟಿನ ನೆತ್ತಿಗಿಂತ ಕನಿಷ್ಠ 30 ಸೆಂ.ಮೀ. ಮೇಲಿರಬೇಕು, ತಗ್ಗಿದ್ದರೆ ಗಾಳಿ ಬೀಸಿದಾಗಲೆಲ್ಲ ಹೊಗೆ ಒಳಗೇ ಇಳಿಯುತ್ತದೆ. ತುಂಡು ಕೊಳವೆಗಳನ್ನು ಜೋಡಿಸುವಾಗ ಮೇಲಿನದರ ಬಾಯಿ ಕೆಳಗಿನದರ ಒಳಗೆ ಕೂರಬೇಕು. ತಿರುಗಾಮುರುಗಾ ಜೋಡಿಸಿದರೆ ಹೊಗೆಯ ಜಿಡ್ಡು ಕೀಲುಗಳಿಂದ ಹೊರಗೆ ಸೋರಿ ಬಟ್ಟೆಗೆ ಅಂಟುತ್ತದೆ. ಕಿಡಿ ತಡೆಯುವ ತುದಿಯ ಜಾಲರಿ ಮಸಿಯಿಂದ ಕಟ್ಟಿಕೊಂಡಾಗ ಒಲೆ ಕೆಮ್ಮತೊಡಗುತ್ತದೆ; ದಿನಾ ಬೆಳಿಗ್ಗೆ ತಟ್ಟಿ ಉದುರಿಸಿ. ಹಸಿ ಸೌದೆಯೋ, ಡ್ಯಾಂಪರ್ (ಕೊಳವೆಯ ಎಳೆತ ತಗ್ಗಿಸುವ ಮುಚ್ಚಳ) ಪೂರ್ತಿ ಮುಚ್ಚಿದ್ದೋ ಆದರೆ ಈ ಜಿಡ್ಡು ದುಪ್ಪಟ್ಟು. ಗಾಳಿಯಿರುವ ಜಾಗದಲ್ಲಿ ಕೊಳವೆಗೆ ಮೂರು ಕಡೆ ತಂತಿ ಬಿಗಿಯಿರಿ.

ತುಳಿದು ಅರ್ಧ ಗಂಟೆ ಬಿಟ್ಟರೆ ಹಿಮ ಗಟ್ಟಿಯಾಗುತ್ತದೆ. ಅದರ ಮೇಲೆ ಎರಡು ದಪ್ಪ ಕೊರಡು, ಕೊರಡಿನ ಮೇಲೆ ಒಲೆ. ಬರೀ ಹಿಮದ ಮೇಲಿಟ್ಟರೆ ಕಾಲುಗಳು ಒಂದೊಂದಾಗಿ ಹೂತು ಕೊಳವೆ ವಾಲುತ್ತದೆ. ಟೆಂಟಿನ ಗೋಡೆಗೂ ಒಲೆಗೂ ಅರ್ಧ ಮೀಟರಾದರೂ ಅಂತರವಿರಲಿ. ಕಿಡಿ ಬಿದ್ದರೆ ನೈಲಾನ್ ಕರಗಿ ತೂತಾಗುತ್ತದೆ. ಹತ್ತಿಯ ಕ್ಯಾನ್ವಾಸ್ ಅಷ್ಟು ಸುಲಭಕ್ಕೆ ಸೋಲುವುದಿಲ್ಲ, ಆದರೆ ಭಾರ. ಕೊಳವೆ ಹಾಯುವ ಕಡೆ ಸಿಲಿಕೋನ್ ಬಳಿದ ಫೈಬರ್‌ಗ್ಲಾಸ್ ಪಟ್ಟಿ ಇಲ್ಲದ ಟೆಂಟಿನಲ್ಲಿ ಒಲೆ ಹಚ್ಚುವ ಮಾತೇ ಇಲ್ಲ.

ಸೌದೆ ಉರಿಯುವಾಗ ಹೊರಡುವ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಉರಿ ಜೋರಾಗಿದ್ದಾಗಿನ ಭಯಕ್ಕಿಂತ, ಡ್ಯಾಂಪರ್ ಮುಚ್ಚಿ ಕೆಂಡ ನಿಗಿನಿಗಿ ಎನ್ನುವಾಗಿನದು ದೊಡ್ಡದು. ಆಗ ಕೊಳವೆ ತಣ್ಣಗಾಗಿ ಎಳೆತ ಕುಗ್ಗಿರುತ್ತದೆ. ಕೆಳಗೊಂದು, ಮೇಲೊಂದು ಗಾಳಿಗಂಡಿ ರಾತ್ರಿಯಿಡೀ ತೆರೆದಿರಲಿ. ಮಲಗಿದಾಗ ತಲೆಯಿರುವ ಎತ್ತರದಲ್ಲಿ ಈ ಅನಿಲ ಪತ್ತೆಹಚ್ಚುವ ಅಲಾರಂ ಇಡಿ. ಮನೆಬಳಕೆಯ ಅಲಾರಂಗಳು ಸಾಮಾನ್ಯವಾಗಿ 4ರಿಂದ 38 ಡಿಗ್ರಿಯೊಳಗಿನ ಬಳಕೆಗೆ ಮಾಡಿದವು. ಚಳಿಗೆ ಒಪ್ಪುವ ಮಾದರಿಯನ್ನೇ ಹುಡುಕಿ, ಲಿಥಿಯಂ ಬ್ಯಾಟರಿ ಹಾಕಿ.

ಹೊಸ ಒಲೆಯ ಮೊದಲ ಉರಿ ಮನೆಯ ಹಿತ್ತಲಲ್ಲೇ ಆಗಲಿ. ಕಾರ್ಖಾನೆಯ ಎಣ್ಣೆ ಸುಡುವ ಹೊಗೆ ಒಂದು ಗಂಟೆ ಕಣ್ಣುರಿಸುತ್ತದೆ. ಸುರುಳಿ ಬಿಚ್ಚಿ ಕಟ್ಟುವ ಟೈಟೇನಿಯಂ ಹಾಳೆಯ ಕೊಳವೆಯಾದರೆ ಅಂಚು ಬ್ಲೇಡಿನಷ್ಟು ಹರಿತ. ಚರ್ಮದ ಗ್ಲೌಸ್ ಹಾಕಿ, ಇಬ್ಬರು ಸೇರಿ ಸುತ್ತಿ. ಒಮ್ಮೆ ಚೆನ್ನಾಗಿ ಕಾದ ಮೇಲೆ ಹಾಳೆ ಆ ಆಕಾರಕ್ಕೆ ಪಳಗುತ್ತದೆ, ಮುಂದಿನ ಸಲ ಒಬ್ಬರಿಗೇ ಸಾಕು.