‘ಮನೆತನದ ವಾತ’ ಎಂಬ ಮಾತಿನ ಹಿಂದೆ

ಹುಬ್ಬಳ್ಳಿ–ಧಾರವಾಡದ ಕಡೆ ಕೀಲುನೋವಿನ ದೂರು ಬಹಳ ಸಲ ರೊಟ್ಟಿಯಿಂದಲೇ ಶುರುವಾಗುತ್ತದೆ. “ಮುಂಜಾನೆ ಎದ್ದ ಕೂಡ್ಲೆ ರೊಟ್ಟಿ ಬಡಿಯಾಕ ಕೈನ ಬರೂದಿಲ್ರೀ, ಹತ್ತರ ಮ್ಯಾಲೆ ಸಡ್ಲ ಆಗ್ತಾವು.” ಅರ್ಧ ರೋಗನಿರ್ಣಯ ಈ ಮಾತಿನಲ್ಲೇ ಇದೆ. ರೊಟ್ಟಿ ಬಡಿಯುವಾಗ ಭಾರ ಬೀಳುವುದು ಮಣಿಕಟ್ಟು ಮತ್ತು ಬೆರಳ ಬುಡದ ಗೆಣ್ಣುಗಳ ಮೇಲೆ. ದೇಹದ ರಕ್ಷಣಾ ವ್ಯವಸ್ಥೆಯೇ ಸ್ವಂತ ಕೀಲುಗಳ ಮೇಲೆ ತಿರುಗಿಬೀಳುವ ರುಮಟಾಯ್ಡ್ ಸಂಧಿವಾತ ಹಿಡಿಯುವುದೂ ಅವನ್ನೇ, ಸಾಮಾನ್ಯವಾಗಿ ಎರಡೂ ಕೈಯಲ್ಲಿ. ಉಗುರಿನ ಹತ್ತಿರದ ತುದಿಗೆಣ್ಣು ಮಾತ್ರ ಗಂಟುಗಟ್ಟಿದ್ದರೆ ಅದು ಹೆಚ್ಚಾಗಿ ವಯಸ್ಸಿನ ಸವೆತ. ಬಿಗಿತ ಕಾಲು ತಾಸಿನೊಳಗೆ ಬಿಟ್ಟರೂ ಸವೆತದ ಕಡೆಗೇ ಬೊಟ್ಟು. ತಾಸುಗಟ್ಟಲೆ ನಿಂತರೆ ಉರಿಯೂತ. ಆಮೇಲೆ ಬರುವ ಪ್ರಶ್ನೆ: “ನಮ್ಮವ್ವಗೂ ಇತ್ತು. ಇದು ಮನೆತನದ್ದ ಏನ್ರಿ?”

ಉತ್ತರ ಸಿಗಲು ತಡವಾದದ್ದಕ್ಕೆ ಒಬ್ಬ ದೊಡ್ಡ ವಿಜ್ಞಾನಿಯ ದೊಡ್ಡ ಹೆಸರೂ ಕಾರಣ. 1900ರ ಸುಮಾರಿಗೆ ಜರ್ಮನಿಯ ಪೌಲ್ ಎರ್ಲಿಖ್ ಆಡುಗಳಿಗೆ ಬೇರೆ ಆಡಿನ ರಕ್ತ ಚುಚ್ಚಿದರು. ಆ ಪರರಕ್ತವನ್ನು ಒಡೆಯುವ ಪ್ರತಿಕಾಯಗಳು (ಹೊರಗಿನದನ್ನು ಎದುರಿಸಲು ದೇಹ ತಯಾರಿಸುವ ಪ್ರೋಟೀನುಗಳು) ಹುಟ್ಟಿದವು, ಸ್ವಂತ ರಕ್ತವನ್ನು ಒಡೆಯುವಂಥವು ಹುಟ್ಟಲಿಲ್ಲ. ದೇಹ ತನ್ನ ಮೇಲೆ ತಾನೇ ಕೈ ಎತ್ತಲು ಹೆದರುತ್ತದೆ ಎಂದು ಅವರು ತೀರ್ಮಾನಿಸಿದರು. ಇದಕ್ಕೆ ಎದುರಾದ ಪುರಾವೆ 1904ರಲ್ಲೇ ಬಂದಿತ್ತು. ಯಾರೂ ಹೆಚ್ಚು ಕಿವಿಗೊಡಲಿಲ್ಲ. 1956ರಲ್ಲಿ ಅಮೆರಿಕದ ರೋಸ್ ಮತ್ತು ವಿಟೆಬ್ಸ್ಕಿ ಮೊಲಗಳಲ್ಲಿ, ಲಂಡನ್ನಿನ ರಾಯ್ಟ್ ಮತ್ತು ಡೋನಿಯಕ್ ತಂಡ ಹಾಶಿಮೊಟೊ ಎಂಬ ಥೈರಾಯ್ಡ್ ರೋಗವಿದ್ದವರಲ್ಲಿ, ಥೈರಾಯ್ಡಿನ ಮೇಲೆ ಸ್ವಂತ ಪ್ರತಿಕಾಯಗಳೇ ತಿರುಗಿಬಿದ್ದದ್ದನ್ನು ತೋರಿಸಿದ ಮೇಲೆ ಮಾತು ಬದಲಾಯಿತು.

ಇವತ್ತು ಲ್ಯಾಬಿನವರು ಬರೆದುಕೊಡುವ ‘ಆರ್‌ಎ ಫ್ಯಾಕ್ಟರ್’ ಎಂಬ ಪ್ರತಿಕಾಯದ ಪರೀಕ್ಷೆ ಅದಕ್ಕೂ ಹಳೆಯದು, ನಾರ್ವೆಯ ವಾಲರ್ 1940ರಲ್ಲಿ ಪ್ರಕಟಿಸಿದ್ದು. ಅದು ಟಿಬಿಯಲ್ಲಿ, ಹೆಪಟೈಟಿಸ್ ಸಿ ಸೋಂಕಿನಲ್ಲಿ, ಆರೋಗ್ಯವಾಗಿರುವ ಮುದುಕರಲ್ಲೂ ಪಾಸಿಟಿವ್ ಬರಬಹುದು. ಚೀಟಿಯಲ್ಲಿ ಪಾಸಿಟಿವ್ ಕಂಡ ಮಾತ್ರಕ್ಕೆ ಜೀವನಪರ್ಯಂತದ ಗುಳಿಗೆ ಶುರುಮಾಡುವುದು ತಪ್ಪು. ಚಿಕೂನ್‌ಗುನ್ಯಾ ಬಂದುಹೋದ ಕೀಲೂ ತಿಂಗಳುಗಟ್ಟಲೆ ಇದೇ ವೇಷ ಹಾಕುತ್ತದೆ.

ಇನ್ನು ವಂಶವಾಹಿ. 1978ರಲ್ಲಿ ಡಲ್ಲಾಸ್‌ನ ಪೀಟರ್ ಸ್ಟಾಸ್ಟ್ನಿ ಈ ರೋಗಕ್ಕೂ ಎಚ್‌ಎಲ್‌ಎ ಗುಂಪಿನ ಡಿಆರ್4 ಎಂಬ ಮಾದರಿಗೂ ನಂಟು ತೋರಿಸಿದರು. ಎಚ್‌ಎಲ್‌ಎಯ ಕೆಲಸ ತಿಳಿಯಲು ಬ್ಯಾಡಗಿ ಮಾರುಕಟ್ಟೆ ನೆನೆಸಿಕೊಳ್ಳಿ. ವ್ಯಾಪಾರಿ ಚೀಲದಿಂದ ಒಂದು ಹಿಡಿ ಮೆಣಸಿನಕಾಯಿ ತೆಗೆದು ನೋಡಿ ಇಡೀ ರಾಶಿಗೆ ದರ ಬರೆಯುತ್ತಾನೆ. ಹಾಗೆಯೇ ರಕ್ಷಣಾಕೋಶ ಪ್ರೋಟೀನಿನ ಒಂದು ಚೂರನ್ನು ಎಚ್‌ಎಲ್‌ಎ ಎಂಬ ಬೊಗಸೆಯಲ್ಲಿ ಹಿಡಿದು ತೋರಿಸುತ್ತದೆ. ಅದು ನಮ್ಮದೋ ಹೊರಗಿನದೋ ಎಂದು ನೋಡಿ ತೀರ್ಮಾನ ಹೇಳುವುದು ಟಿ ಕೋಶ ಎಂಬ ಇನ್ನೊಂದು ರಕ್ಷಣಾಕೋಶ. ಬೊಗಸೆಯ ಆಕಾರ ಮನೆತನದಿಂದ ಬರುತ್ತದೆ. ರೋಗದ ನಂಟಿರುವ ಬೇರೆಬೇರೆ ಮಾದರಿಗಳಲ್ಲೂ 70ರಿಂದ 74ನೆಯ ಸ್ಥಾನದವರೆಗಿನ ಅಮೈನೊ ಆಮ್ಲಗಳು (ಪ್ರೋಟೀನಿನ ಸರಪಳಿಯ ಕೊಂಡಿಗಳು) ಹೆಚ್ಚುಕಡಿಮೆ ಒಂದೇ ಎಂದು 1987ರಲ್ಲಿ ಗ್ರೆಗರ್ಸನ್ ಮತ್ತು ಜೊತೆಗಾರರು ಗುರುತಿಸಿದರು.

ಆದರೆ ತದ್ರೂಪಿ ಅವಳಿಗಳ ಲೆಕ್ಕ ನೋಡಿ: ಒಬ್ಬರಿಗೆ ಈ ರೋಗವಿದ್ದರೆ ಇನ್ನೊಬ್ಬರಿಗೂ ಬರುವುದು ನೂರಕ್ಕೆ ಸುಮಾರು 15 ಜೋಡಿಗಳಲ್ಲಿ ಮಾತ್ರ. ಬೊಗಸೆ ಒಂದೇ, ಅದಕ್ಕೆ ಬೀಳುವ ಸರಕು ಬೇರೆ.

ಆ ಸರಕು ಯಾವುದೆಂಬ ಸುಳಿವು 1998ರಲ್ಲಿ ಸಿಕ್ಕಿತು. ಪ್ಯಾಡ್ ಎಂಬ ಕಿಣ್ವ ಪ್ರೋಟೀನಿನ ಅರ್ಜಿನೈನ್ ಎಂಬ ಅಮೈನೊ ಆಮ್ಲವನ್ನು ಸಿಟ್ರುಲಿನ್ ಮಾಡುತ್ತದೆ. ತೂಕದಲ್ಲಿ ವ್ಯತ್ಯಾಸ ಒಂದು ಡಾಲ್ಟನ್, ಅಂದರೆ ಸುಮಾರು ಒಂದು ಹೈಡ್ರೋಜನ್ ಪರಮಾಣುವಿನಷ್ಟೇ, ಆದರೆ ಧನವಿದ್ಯುದಂಶ ಹೋಗಿಬಿಡುತ್ತದೆ. ರೋಗದ ನಂಟಿನ ಬೊಗಸೆಯ ಒಂದು ಜೇಬೂ ಧನವೇ. ಹಾಗಾಗಿ ಅರ್ಜಿನೈನ್ ಅಲ್ಲಿ ಕೂರದೆ ಜಾರುತ್ತದೆ, ಸಿಟ್ರುಲಿನ್ ಸಲೀಸಾಗಿ ಕೂರುತ್ತದೆ. ಟಿ ಕೋಶಕ್ಕೆ ಸ್ವಂತ ಪ್ರೋಟೀನೇ ಹೊರಗಿನದಾಗಿ ಕಾಣುತ್ತದೆ. ಅದು ಪ್ರತಿಕಾಯ ತಯಾರಿಸುವ ಬಿ ಕೋಶಗಳನ್ನು ಎಬ್ಬಿಸುತ್ತದೆ. ಹಾಗೆ ಹುಟ್ಟಿದ ಪ್ರತಿಕಾಯವನ್ನೇ ‘ಆಂಟಿ-ಸಿಸಿಪಿ’ ಪರೀಕ್ಷೆ ಹಿಡಿಯುವುದು. ಕೀಲು ಊದುವ ಎಷ್ಟೋ ವರ್ಷ ಮೊದಲೇ ಅದು ರಕ್ತದಲ್ಲಿರಬಹುದು.

ಪ್ಯಾಡ್ ಕಿಣ್ವವನ್ನು ಕೆರಳಿಸುವವುಗಳಲ್ಲಿ ಮೊದಲಿನದು ಹೊಗೆ, ಅದೂ ಶ್ವಾಸಕೋಶದಲ್ಲಿ. 2006ರಲ್ಲಿ ಸ್ವೀಡನ್ನಿನ ಕ್ಲಾರೆಸ್ಕೋಗ್ ತಂಡ ಲೆಕ್ಕ ಕೊಟ್ಟಿತು: ಆ ವಂಶವಾಹಿಯ ಎರಡು ಪ್ರತಿ ಇದ್ದು ಸಿಗರೇಟೂ ಸೇದುವವರಿಗೆ, ಆ ವಂಶವಾಹಿಯೂ ಸಿಗರೇಟೂ ಇಲ್ಲದವರಿಗಿಂತ, ಆಂಟಿ-ಸಿಸಿಪಿ ಇರುವ ಬಗೆಯ ರೋಗದ ಅಪಾಯ 21 ಪಟ್ಟು. ಎರಡು ಪ್ರತಿ ಎಂದಾಗ ನಮ್ಮ ಕಡೆಯ ಸೋದರಸಂಬಂಧದ ಮದುವೆ ನೆನಪಾಗದೆ ಇರದು. ಸೋದರಮಾವನನ್ನು ಮದುವೆಯಾದವಳ ಮಗುವಿನಲ್ಲಿ ಯಾವುದೇ ಒಂದು ವಂಶವಾಹಿಯ ಎರಡೂ ಪ್ರತಿ ಒಂದೇ ಪೂರ್ವಜರಿಂದ ಬಂದಿರುವ ಸಾಧ್ಯತೆ 8ರಲ್ಲಿ 1. ಅತ್ತೆಮಾವನ ಮಕ್ಕಳ ಮದುವೆಯಲ್ಲಿ 16ರಲ್ಲಿ 1.

ಹೊಗೆಯಷ್ಟೇ ಅಲ್ಲ, ಕಲ್ಲಿನ ದೂಳೂ ಇದೆ. 1953ರಲ್ಲಿ ಕ್ಯಾಪ್ಲನ್ ವೇಲ್ಸಿನ ಕಲ್ಲಿದ್ದಲು ಗಣಿಗಾರರಲ್ಲಿ ಸಂಧಿವಾತದ ಜೊತೆ ಶ್ವಾಸಕೋಶದ ಗಂಟುಗಳನ್ನು ಕಂಡರು. ಸಿಲಿಕಾ ದೂಳಿನ ನಂಟು ಮುಂದೆ ಗಟ್ಟಿಯಾಯಿತು. ಜಲ್ಲಿ ಕ್ರಷರಿನಲ್ಲಿ ಮೂಗಿಗೆ ಸುತ್ತಿದ ಟವೆಲ್ ಕಣ್ಣಿಗೆ ಕಾಣುವ ದೂಳನ್ನು ತಡೆಯುತ್ತದೆ, ಕಾಣದ ಸಣ್ಣ ದೂಳನ್ನಲ್ಲ. ತೊಂದರೆ ಆ ಸಣ್ಣದರದ್ದೇ. ಕಲ್ಲಿಗೆ ನೀರು ಹೊಡೆಯುವುದು, ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಹಾಕುವುದು, ಇವು ಉಪಯೋಗಕ್ಕೆ ಬರುತ್ತವೆ. ಒಸಡಿನ ಕೀವನ್ನೂ ಅಲಕ್ಷ್ಯ ಮಾಡುವಂತಿಲ್ಲ: ಪಾರ್ಫಿರೊಮೊನಾಸ್ ಜಿಂಜಿವ್ಯಾಲಿಸ್ ಎಂಬ ಬ್ಯಾಕ್ಟೀರಿಯಾ ತನ್ನದೇ ಪ್ಯಾಡ್ ಕಿಣ್ವ ಹೊತ್ತಿದೆ.

ಹಾಗಾದರೆ ಬೀಡಿ ಸೇದುವ ಎಲ್ಲರಿಗೂ ಯಾಕೆ ಬರುವುದಿಲ್ಲ? ಒಂದು ಕಾರಣ, ಸ್ವಂತ ದೇಹದ ಮೇಲಿನ ಇಂಥ ದಾಳಿಯನ್ನು ತಡೆಯುವ ಟಿ ಕೋಶಗಳು. ಜಪಾನಿನ ಸಕಾಗುಚಿ 1995ರಲ್ಲಿ ಅವನ್ನು ಗುರುತಿಸಿದರು. ಅವುಗಳ ಹಿಂದಿನ ಫಾಕ್ಸ್‌ಪಿ3 ವಂಶವಾಹಿಯನ್ನು 2001ರಲ್ಲಿ ಬ್ರಂಕೋ ಮತ್ತು ರ‍್ಯಾಮ್ಸ್‌ಡೆಲ್ ಹಿಡಿದರು. ಮೂವರಿಗೂ 2025ರ ನೊಬೆಲ್ ಬಂತು.

ಚಿಕಿತ್ಸೆಯಲ್ಲಿ ಮೊದಲ ಮದ್ದು ಇನ್ನೂ ಮೆಥೊಟ್ರೆಕ್ಸೇಟ್, ವಾರಕ್ಕೆ ಒಂದೇ ದಿನ. ಸಾಮಾನ್ಯವಾಗಿ 7.5ರಿಂದ 25 ಮಿಲಿಗ್ರಾಂ, ಬೇರೆ ದಿನ ಫೋಲಿಕ್ ಆಮ್ಲ. ಎಡವುವುದು ಇಲ್ಲೇ: ದಿನಾ ನುಂಗಿದರೆ ಬಾಯಿ ತುಂಬ ಹುಣ್ಣಾಗಿ, ರಕ್ತಕಣ ಕುಸಿದು, ಜೀವಕ್ಕೇ ಕುತ್ತು. ಊರ ಸಂತೆಯ ದಿನಕ್ಕೆ ಗುರುತು ಹಾಕಿಕೊಂಡರೆ ತಪ್ಪುವುದು ಕಡಿಮೆ. ಆ ವಾರ ಮರೆತರೆ ಮುಂದಿನ ಸಂತೆಗೆ ಎರಡರಷ್ಟು ನುಂಗಬಾರದು. ಶುರುವಿನಲ್ಲಿ ಕೆಲವೇ ವಾರಗಳಿಗೊಮ್ಮೆ, ಆಮೇಲೆ ಎರಡು-ಮೂರು ತಿಂಗಳಿಗೊಮ್ಮೆ ರಕ್ತಕಣ, ಲಿವರ್, ಕಿಡ್ನಿ ಪರೀಕ್ಷೆ ಬೇಕು. ಬಸುರಾಗುವ ವಿಚಾರವಿದ್ದರೆ ವೈದ್ಯರಿಗೆ ಮೊದಲೇ ಹೇಳಿ ಗುಳಿಗೆ ನಿಲ್ಲಿಸಬೇಕು.